ಗ್ರಾಫಿಕ್ಸ್‌ಗೆ ಎಷ್ಟು ಮೆಮೊರಿ ಬಿಟ್ಟುಕೊಡಬೇಕು? ಓದುಗರ ಪ್ರಶ್ನೆ, ನಮ್ಮ ಉತ್ತರ

ಮದುವೆಯ ಹಂಗಾಮು, ಯಕ್ಷಗಾನದ ತಿರುಗಾಟ ಎರಡೂ ಹತ್ತಿರವಾಗುತ್ತಿವೆ. ಫೋಟೊ, ವಿಡಿಯೊ ಕೆಲಸ ಮಾಡುವವರಿಂದ ಈ ಸಲ ಪತ್ರಗಳು ಹೆಚ್ಚು ಬಂದಿವೆ. ಬೇರೆ ಬೇರೆ ಊರಿನವರು ಬರೆದಿದ್ದರೂ ಹೆಚ್ಚಿನವರ ತೊಡಕು ಗ್ರಾಫಿಕ್ಸ್ ಮೆಮೊರಿಯದೇ. ಹಾಗಾಗಿ ಈ ಸಂಚಿಕೆಯನ್ನು ಪೂರ್ತಿ ಅದಕ್ಕೇ ಇಟ್ಟಿದ್ದೇವೆ.

ಪ್ರಶ್ನೆ: ನನ್ನದು ಫೋಟೊ ಸ್ಟುಡಿಯೊ. ಕಂಪ್ಯೂಟರ್‌ನಲ್ಲಿ ರೈಜನ್ 5 3400ಜಿ ಪ್ರೊಸೆಸರ್, 8 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್ ಇದೆ; ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಲ್ಲ. ಆಲ್ಬಮ್‌ನ 12×36 ಇಂಚಿನ ಹಾಳೆ ತೆರೆದರೆ ಫೋಟೊಶಾಪ್ ತಡವರಿಸುತ್ತದೆ, ಗ್ರಾಫಿಕ್ಸ್ ಮೆಮೊರಿ ಸಾಲದು ಎಂದೂ ಎಚ್ಚರಿಸುತ್ತದೆ. ಬಯೋಸ್‌ನಲ್ಲಿ 2 ಜಿಬಿ ಮಾಡಿಕೊಳ್ಳಿ ಎಂದು ಗೊತ್ತಿದ್ದವರು ಹೇಳಿದರು. ಮಾಡಬಹುದೇ? ಹೇಗೆ?
– ಕುಮಟಾದ ಓದುಗರು

ಉತ್ತರ: ಮಾಡಬಹುದು, ಆದರೆ ಈಗಲೇ ಬೇಡ. ಮೊದಲು ಇನ್ನೊಂದು 8 ಜಿಬಿ ಸ್ಟಿಕ್ ಹಾಕಿಸಿ, ಆಮೇಲೆ ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶ) ಕೈ ಹಾಕಿ. ಯಾಕೆಂದು ಹೇಳುತ್ತೇವೆ.

ನಿಮ್ಮ ಪ್ರೊಸೆಸರ್‌ನ ಒಳಗೇ ವೇಗಾ 11 ಗ್ರಾಫಿಕ್ಸ್ ಇದೆ. ಅದಕ್ಕೆ ಸ್ವಂತ ಮೆಮೊರಿ ಇಲ್ಲ. ಒಂದೇ ಕೆರೆಯ ನೀರು ಎರಡು ತೋಟಕ್ಕೆ ಹರಿಯುವ ಹಾಗೆ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ಒಂದೇ ರ‍್ಯಾಮ್‌ನಿಂದ ಪಾಲು ತೆಗೆದುಕೊಳ್ಳುತ್ತವೆ. ಈ ಪಾಲು ಎರಡು ಬಗೆಯದು. ಕಂಪ್ಯೂಟರ್ ಚಾಲೂ ಆಗುವಾಗಲೇ ಬಯೋಸ್ ಕಡಿದು ಕೊಡುವ ಭಾಗ ಒಂದು. ಟಾಸ್ಕ್ ಮ್ಯಾನೇಜರ್ ಇದನ್ನು ಡೆಡಿಕೇಟೆಡ್ ಎಂದು ತೋರಿಸುತ್ತದೆ. ಹೀಗೆ ಕಡಿದದ್ದು ಕಡಿದಂತೆಯೇ: ಗ್ರಾಫಿಕ್ಸ್ ಅದನ್ನು ಬಳಸದೆ ಖಾಲಿ ಬಿಟ್ಟರೂ ವಿಂಡೋಸ್‌ಗೆ ಅದು ಸಿಗುವುದಿಲ್ಲ. ಎರಡನೆಯದು ಶೇರ್ಡ್. ಬೇಕಾದಾಗ ವಿಂಡೋಸ್ ಕೊಡುತ್ತದೆ, ಕೆಲಸ ಮುಗಿದ ಮೇಲೆ ವಾಪಸ್ ಪಡೆಯುತ್ತದೆ. ವಿಂಡೋಸ್‌ಗೆ ಉಳಿದ ರ‍್ಯಾಮ್‌ನ ಅರ್ಧದವರೆಗೆ ಇದು ಹೋಗಬಹುದು.

ಈಗ ನಿಮ್ಮ ಆಲ್ಬಮ್ ಹಾಳೆಯ ಲೆಕ್ಕ. 12×36 ಇಂಚು, 300 ಡಿಪಿಐ ಎಂದರೆ 3600×10800, ಹತ್ತಿರ ಹತ್ತಿರ 3.9 ಕೋಟಿ ಪಿಕ್ಸೆಲ್. 8 ಬಿಟ್ ಬಣ್ಣದಲ್ಲಿ ಪಿಕ್ಸೆಲ್ ಒಂದಕ್ಕೆ 3 ಬೈಟ್ ಹಿಡಿದರೂ ಹಾಳೆ ತುಂಬ ಇರುವ ಒಂದು ಲೇಯರ್ ಸುಮಾರು 117 ಎಂಬಿ ತಿನ್ನುತ್ತದೆ. ಅಂಥ 15 ಲೇಯರ್ ಆದರೆ ಒಂದೂಮುಕ್ಕಾಲು ಜಿಬಿ. ಹಿಂದಿನ ಹೆಜ್ಜೆಗಳ ಹಿಸ್ಟರಿ ಬೇರೆ. ಇದೆಲ್ಲ ಕೂರುವುದು ಗ್ರಾಫಿಕ್ಸ್ ಪಾಲಿನಲ್ಲಲ್ಲ, ಮಾಮೂಲಿ ರ‍್ಯಾಮ್‌ನಲ್ಲಿ. 8 ಜಿಬಿಯಲ್ಲಿ 2 ಜಿಬಿ ಕಡಿದರೆ ಉಳಿಯುವುದು 6. ವಿಂಡೋಸ್ ಮತ್ತು ಬ್ರೌಸರ್ ಅದರಲ್ಲಿ ಮೂರನ್ನು ಹಿಡಿದಿಟ್ಟುಕೊಳ್ಳುತ್ತವೆ. ಫೋಟೊಶಾಪ್‌ಗೆ ಉಳಿದ ಮೂರರಲ್ಲಿ ಎರಡು ಹಾಳೆ ತೆರೆಯುವಷ್ಟರಲ್ಲಿ ಡಿಸ್ಕ್‌ಗೆ ಬರೆಯುವುದು ಶುರುವಾಗುತ್ತದೆ. ಎಚ್ಚರಿಕೆಯ ಸಂದೇಶ ಹೋದೀತು, ತಡವರಿಕೆ ಮಾತ್ರ ಈಗಿಗಿಂತ ಹೆಚ್ಚಾಗುತ್ತದೆ. 2 ಜಿಬಿ ಮಾಡಿದ ಮೇಲೆ ಕಂಪ್ಯೂಟರ್ ಇನ್ನೂ ನಿಧಾನವಾಯಿತು ಎಂದು ಬರೆಯುವವರ ವಿಷಯದಲ್ಲಿ ಆಗಿರುವುದು ಇದೇ.

ಇನ್ನೊಂದು ಸ್ಟಿಕ್ ಹಾಕಿದರೆ ಎರಡು ಲಾಭ. ರ‍್ಯಾಮ್ 16 ಜಿಬಿ ಆಗುತ್ತದೆ, ಇದು ಎಲ್ಲರಿಗೂ ಗೊತ್ತು. ಎರಡನೆಯದು ಹೆಚ್ಚು ಜನರಿಗೆ ಗೊತ್ತಿಲ್ಲ, ಆದರೆ ಒಳಗಿನ ಗ್ರಾಫಿಕ್ಸ್‌ಗೆ ಅದೇ ದೊಡ್ಡದು: ಡ್ಯುಯಲ್ ಚಾನೆಲ್. 2933 ವೇಗದ ಡಿಡಿಆರ್4 ಸ್ಟಿಕ್ ಒಂದೇ ಇದ್ದರೆ ಸೆಕೆಂಡಿಗೆ ಸುಮಾರು 23.5 ಜಿಬಿ ಹರಿಯುತ್ತದೆ. ಎರಡಿದ್ದರೆ ಸುಮಾರು 47. ವೇಗಾ ಗ್ರಾಫಿಕ್ಸ್ ಸದಾ ಹಸಿದಿರುವುದು ಈ ಹರಿವಿಗೆ. ಹಳೆಯ ಸ್ಟಿಕ್‌ನ ಮೇಲಿನ ಚೀಟಿ ನೋಡಿ, ಅದೇ ಗಾತ್ರ, ಅದೇ ವೇಗದ್ದನ್ನೇ ತನ್ನಿ. ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಕೂರಿಸಬೇಕು. ಅಕ್ಕಪಕ್ಕದ ಸ್ಲಾಟ್‌ನಲ್ಲಿ ಕೂರಿಸಿ ಡ್ಯುಯಲ್ ಚಾನೆಲ್ ಸಿಗದೆ ಹೋದ ಕಂಪ್ಯೂಟರ್‌ಗಳು ಎಷ್ಟೋ ಇವೆ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ಮೆಮೊರಿ ಪುಟದಲ್ಲಿ ಚಾನೆಲ್ ಎಂಬಲ್ಲಿ ಡ್ಯುಯಲ್ ಎಂದು, ಅಥವಾ ಹೊಸ ಆವೃತ್ತಿಯಲ್ಲಿ 2×64 ಬಿಟ್ ಎಂದು ಬಂದಿದೆಯೇ ನೋಡಿ.

ಆಮೇಲೆ ಬಯೋಸ್. ಕಂಪ್ಯೂಟರ್ ಚಾಲೂ ಮಾಡಿದ ಕೂಡಲೇ ಡಿಲೀಟ್ ಕೀ ಒತ್ತುತ್ತಾ ಇರಿ. ಕೆಲವು ಬೋರ್ಡ್‌ಗೆ ಎಫ್2. ಒತ್ತುವಷ್ಟರಲ್ಲಿ ವಿಂಡೋಸ್ ಬಂದುಬಿಟ್ಟರೆ ಶಿಫ್ಟ್ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ದಾರಿಯಲ್ಲಿ ಹೋಗಿ. ನಾವು ಹುಡುಕುತ್ತಿರುವ ಸಾಲಿನ ಹೆಸರು ಯುಎಂಎ ಫ್ರೇಮ್ ಬಫರ್ ಸೈಜ್. ಏಸಸ್, ಏಸ್‌ರಾಕ್ ಬೋರ್ಡ್‌ಗಳಲ್ಲಿ ಅಡ್ವಾನ್ಸ್ಡ್ ಪುಟದ ಒಳಗೆ ಇರುತ್ತದೆ. ಎಂಎಸ್‌ಐನಲ್ಲಿ ಸೆಟ್ಟಿಂಗ್ಸ್, ಅಡ್ವಾನ್ಸ್ಡ್, ಇಂಟಿಗ್ರೇಟೆಡ್ ಗ್ರಾಫಿಕ್ಸ್ ಕಾನ್ಫಿಗರೇಶನ್. ಗಿಗಾಬೈಟ್‌ನಲ್ಲಿ ಐಒ ಪೋರ್ಟ್ಸ್ ಒಳಗೆ ಇಂಟಿಗ್ರೇಟೆಡ್ ಗ್ರಾಫಿಕ್ಸ್ ಎಂಬುದನ್ನು ಫೋರ್ಸಸ್ ಎಂದೂ, ಯುಎಂಎ ಮೋಡ್ ಅನ್ನು ಯುಎಂಎ ಸ್ಪೆಸಿಫೈಡ್ ಎಂದೂ ಮಾಡಿದ ಮೇಲೆಯೇ ಗಾತ್ರದ ಸಾಲು ಕಾಣಿಸುತ್ತದೆ. ಅದು ಗೊತ್ತಿಲ್ಲದೆ, ನಮ್ಮ ಬೋರ್ಡ್‌ನಲ್ಲಿ ಈ ಸೌಲಭ್ಯವೇ ಇಲ್ಲ ಎಂದು ಕೈಬಿಟ್ಟವರಿದ್ದಾರೆ. 2ಜಿ ಆರಿಸಿ, ಎಫ್10 ಒತ್ತಿ ಉಳಿಸಿ. ಬದಲಾಯಿಸುವ ಮುಂಚೆ ಮೊದಲಿದ್ದ ಆಯ್ಕೆಯನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

16 ಜಿಬಿಯಲ್ಲಿ 2 ಜಿಬಿ ನಿಮ್ಮ ಕೆಲಸಕ್ಕೆ ಸರಿಯಾದ ಪಾಲು. ಈಚಿನ ಫೋಟೊಶಾಪ್ ಆವೃತ್ತಿಗಳು ಕನಿಷ್ಠ 1.5 ಜಿಬಿ ಗ್ರಾಫಿಕ್ಸ್ ಮೆಮೊರಿ ಕೇಳುತ್ತವೆ, ಅದು ಇದರಲ್ಲಿ ದಾಟುತ್ತದೆ. 8 ಜಿಬಿಯಲ್ಲೇ ಇರುವವರು 512 ಎಂಬಿ ಅಥವಾ ಹೆಚ್ಚೆಂದರೆ 1 ಜಿಬಿಗೆ ನಿಲ್ಲಿಸಿ. 4 ಜಿಬಿ ಇರುವವರು ಆಟೊದಲ್ಲೇ ಬಿಡಿ. ಬರೀ ಪರದೆ ತೋರಿಸುವುದಕ್ಕೆ ಬೇಕಾಗುವ ಮೆಮೊರಿ ನಿಜಕ್ಕೂ ಅತ್ಯಲ್ಪ: 1920×1080ರ ಒಂದು ಚಿತ್ರಕ್ಕೆ 8 ಎಂಬಿ ಚಿಲ್ಲರೆ, ಅಷ್ಟೇ. ಟೈಪಿಂಗ್, ಲೆಕ್ಕಪತ್ರ, ಬ್ಯಾಂಕಿನ ಕೆಲಸ ಮಾಡುವ ಕಂಪ್ಯೂಟರ್‌ಗೆ ಈ ಸೆಟ್ಟಿಂಗ್ ಮುಟ್ಟಬೇಕಾದ ಕಾರಣವೇ ಇಲ್ಲ.

ಫೋಟೊಶಾಪ್‌ನ ಒಳಗೂ ಎರಡು ಕೆಲಸ ಉಳಿದಿದೆ. ಎಡಿಟ್, ಪ್ರಿಫರೆನ್ಸಸ್, ಪರ್ಫಾರ್ಮೆನ್ಸ್ ಪುಟದಲ್ಲಿ ಹಿಸ್ಟರಿ ಸ್ಟೇಟ್ಸ್ 50 ಇರುತ್ತದೆ, 20ಕ್ಕೆ ಇಳಿಸಿ. ಸ್ಕ್ರ್ಯಾಚ್ ಡಿಸ್ಕ್ (ರ‍್ಯಾಮ್ ಸಾಲದಾದಾಗ ಫೋಟೊಶಾಪ್ ಬರೆಯುವ ಜಾಗ) ಎಸ್‌ಎಸ್‌ಡಿ ಮೇಲೆ ಇರಲಿ, ಅದರಲ್ಲಿ ಜಾಗ ಧಾರಾಳ ಖಾಲಿ ಇರಲಿ.

ಪ್ರಶ್ನೆ: ಮಗಳ ಓದಿಗೆಂದು ಕೊಂಡ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಗ್ರಾಫಿಕ್ಸ್ ಇದೆ. ಅದಕ್ಕೆ ಬರೀ 128 ಎಂಬಿ ಎಂದು ತೋರಿಸುತ್ತದೆ. ರಿಜಿಸ್ಟ್ರಿಯಲ್ಲಿ ಒಂದು ಸಂಖ್ಯೆ ಸೇರಿಸಿದರೆ 512 ಅಥವಾ 1024 ಆಗುತ್ತದೆ ಎಂದು ವಿಡಿಯೊ ಒಂದರಲ್ಲಿ ನೋಡಿದೆ. ಮಾಡಲೇ?
– ಶಿರಸಿಯ ಓದುಗರು

ಉತ್ತರ: ಬೇಡ. ಆ ವಿಡಿಯೊಗಳು ಹೇಳುವುದು ಇಂಟೆಲ್‌ನ ಜಿಎಂಎಂ ಎಂಬ ಕೀಲಿಯ ಕೆಳಗೆ ಡೆಡಿಕೇಟೆಡ್ ಸೆಗ್ಮೆಂಟ್ ಸೈಜ್ ಎಂಬ ಹೆಸರಿನಲ್ಲಿ ಒಂದು ಸಂಖ್ಯೆ ಬರೆಯುವುದನ್ನು. ಅದರಿಂದ ಒಂದು ಎಂಬಿಯೂ ಹೆಚ್ಚಾಗುವುದಿಲ್ಲ. ಕೆಲವು ಆಟಗಳು ಮೆಮೊರಿ ಎಷ್ಟಿದೆ ಎಂದು ಕೇಳಿ, ಕಡಿಮೆ ಇದ್ದರೆ ಶುರುವಾಗುವುದೇ ಇಲ್ಲ. ಅಂಥವಕ್ಕೆ ದೊಡ್ಡ ಸಂಖ್ಯೆ ಹೇಳಿ ಒಳಬಿಡಿಸಿಕೊಳ್ಳುವ ಉಪಾಯ ಅದು, ಅಷ್ಟೇ.

128 ಎಂಬಿ ನೋಡಿ ಗಾಬರಿಯಾಗುವುದೂ ಬೇಡ. ಇಂಟೆಲ್ ಗ್ರಾಫಿಕ್ಸ್ ಮುಂಗಡವಾಗಿ ಹಿಡಿದಿಟ್ಟುಕೊಳ್ಳುವುದು ಸ್ವಲ್ಪವೇ, ಮಿಕ್ಕಿದ್ದನ್ನು ಬೇಕಾದಾಗ ರ‍್ಯಾಮ್‌ನಿಂದ ಎತ್ತಿಕೊಳ್ಳುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು ಮೇಲೆ ಕ್ಲಿಕ್ ಮಾಡಿ. 8 ಜಿಬಿ ರ‍್ಯಾಮ್ ಇದ್ದರೆ ಶೇರ್ಡ್ ಎಂಬಲ್ಲಿ 4 ಜಿಬಿಗೆ ಹತ್ತಿರದ ಸಂಖ್ಯೆ ಕಾಣುತ್ತದೆ. ನಿಜವಾದ ಮಿತಿ ಅದು.

ಡೆಸ್ಕ್‌ಟಾಪ್ ಬೋರ್ಡ್‌ಗಳ ಬಯೋಸ್‌ನಲ್ಲಿ ಇದಕ್ಕೆ ಡಿವಿಎಂಟಿ ಪ್ರಿ-ಅಲೊಕೇಟೆಡ್ ಎಂಬ ಸಾಲು ಇರುತ್ತದೆ. ಲ್ಯಾಪ್‌ಟಾಪ್ ತಯಾರಕರು ಬಹುಪಾಲು ಅದನ್ನು ಮುಚ್ಚಿಟ್ಟಿರುತ್ತಾರೆ. ಮುಚ್ಚಿಟ್ಟದ್ದನ್ನು ಬಲವಂತವಾಗಿ ತಿದ್ದುವ ತಂತ್ರಾಂಶಗಳೂ ಸಿಗುತ್ತವೆ. ಒಂದು ವಿಳಾಸ ತಪ್ಪಿದರೆ ಲ್ಯಾಪ್‌ಟಾಪ್ ಮತ್ತೆ ಏಳುವುದಿಲ್ಲ. ಬಯೋಸ್ ಚಿಪ್ಪನ್ನು ಹೊರಗಿನಿಂದ ಪ್ರೋಗ್ರಾಮ್ ಮಾಡಬೇಕಾಗುತ್ತದೆ. ಓದುವ ಮಗುವಿನ ಯಂತ್ರದ ಮೇಲೆ ಆ ಪ್ರಯೋಗ ಖಂಡಿತ ಬೇಡ. ಈಚಿನ ಕೆಲವು ಯಂತ್ರಗಳಲ್ಲಿ ಮಾತ್ರ ಕಂಪನಿಯೇ ದಾರಿ ಕೊಟ್ಟಿದೆ: ರೈಜನ್ ಎಐ 300 ಸರಣಿಯವರಿಗೆ ಎಎಂಡಿ ತಂತ್ರಾಂಶದಲ್ಲಿ ವೇರಿಯಬಲ್ ಗ್ರಾಫಿಕ್ಸ್ ಮೆಮೊರಿ, ಇಂಟೆಲ್ ಕೋರ್ ಅಲ್ಟ್ರಾದವರಿಗೆ ಇಂಟೆಲ್ ಗ್ರಾಫಿಕ್ಸ್ ಸಾಫ್ಟ್‌ವೇರ್‌ನಲ್ಲಿ ಶೇರ್ಡ್ ಜಿಪಿಯು ಮೆಮೊರಿ ಓವರ್‌ರೈಡ್. ಇವು ಸುರಕ್ಷಿತ.

ಒಂದು ಮಾತು ನಿಮಗೆ ಉಪಯೋಗವಾಗಬಹುದು. 11ನೇ ತಲೆಮಾರಿನ ಐ5, ಐ7 ಲ್ಯಾಪ್‌ಟಾಪ್‌ಗಳಲ್ಲಿ ಐರಿಸ್ ಎಕ್ಸ್‌ಇ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದು, ಒಳಗೆ ಯುಎಚ್‌ಡಿ ಗ್ರಾಫಿಕ್ಸ್ ಎಂದು ಕಂಡರೆ ಮೋಸ ಎಂದುಕೊಳ್ಳಬೇಡಿ. ಒಂದೇ ಸ್ಟಿಕ್ ಇರುವವರೆಗೆ ಅದು ಯುಎಚ್‌ಡಿ. ಖಾಲಿ ಸ್ಲಾಟ್‌ಗೆ ಎರಡನೆಯ ಸ್ಟಿಕ್ ಹಾಕಿ ಡ್ಯುಯಲ್ ಚಾನೆಲ್ ಆದ ಮೇಲೆ ಹೆಸರೂ ಬದಲಾಗುತ್ತದೆ, ವೇಗವೂ ಏರುತ್ತದೆ.

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿದ್ದೇನೆ. ಡೆಸ್ಕ್‌ಟಾಪ್‌ಗೆ ಜಿಟಿಎಕ್ಸ್ 1650, 4 ಜಿಬಿ ಕಾರ್ಡ್ ಹಾಕಿಸಿದೆ. ಆದರೂ ಕ್ಯಾಡ್ ಮಾದರಿ ತಿರುಗಿಸಿದರೆ ಮೊದಲಿನ ಹಾಗೇ ಎಳೆಯುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು 0, ಜಿಪಿಯು 1 ಎಂದು ಎರಡು ಕಾಣುತ್ತವೆ, ಎನ್‌ವಿಡಿಯಾದ ಬಳಕೆ ಸೊನ್ನೆ ಶೇಕಡದಲ್ಲೇ ಇರುತ್ತದೆ. ಮೆಮೊರಿ ಎಲ್ಲಿ ಹೆಚ್ಚಿಸಬೇಕು?
– ಕಾರವಾರದ ಓದುಗರು

ಉತ್ತರ: ಮೊದಲು ಕಂಪ್ಯೂಟರ್‌ನ ಬೆನ್ನು ನೋಡಿ. ಮಾನಿಟರ್ ಕೇಬಲ್ ಮೌಸ್, ಯುಎಸ್‌ಬಿ ಇರುವ ಮೇಲಿನ ಗುಂಪಿನಲ್ಲೇ ಇದೆಯೇ? ಹಾಗಿದ್ದರೆ ತೊಂದರೆ ಅಲ್ಲೇ ಇದೆ. ಅದು ಮದರ್‌ಬೋರ್ಡ್‌ನ ಎಚ್‌ಡಿಎಂಐ. ಕೇಬಲ್ ತೆಗೆದು ಕೆಳಗೆ ಅಡ್ಡವಾಗಿ ಕೂತಿರುವ ಕಾರ್ಡ್‌ನ ಪೋರ್ಟ್‌ಗೆ ಹಾಕಿ. ಸ್ವಂತ ಕಾರ್ಡ್‌ನ ಮೆಮೊರಿಯನ್ನು ಯಾವ ಸೆಟ್ಟಿಂಗ್‌ನಿಂದಲೂ ಹೆಚ್ಚಿಸಲು ಬರುವುದಿಲ್ಲ. 4 ಜಿಬಿಯ ಚಿಪ್ಪುಗಳನ್ನು ಬೆಸೆದಿದ್ದರೆ ಅದು 4 ಜಿಬಿಯೇ.

ಮಾಮೂಲಿಗೆ ಕಾರ್ಡ್ ಕೂತ ಕೂಡಲೇ ಬೋರ್ಡ್‌ನ ಗ್ರಾಫಿಕ್ಸ್ ತಾನಾಗಿ ಮಲಗುತ್ತದೆ. ನಿಮ್ಮಲ್ಲಿ ಎರಡೂ ಕಾಣುತ್ತಿರುವುದರಿಂದ ಬಯೋಸ್‌ನಲ್ಲಿ ಐಜಿಪಿಯು ಮಲ್ಟಿ-ಮಾನಿಟರ್ ಎಂಬುದು ಎನೇಬಲ್ ಆಗಿರಬೇಕು. ಅದನ್ನು ಡಿಸೇಬಲ್ ಮಾಡಿ, ಪ್ರೈಮರಿ ಡಿಸ್‌ಪ್ಲೇ ಎಂಬುದನ್ನು ಪಿಇಜಿ ಅಥವಾ ಪಿಸಿಐಇ ಎಂದು ಇಟ್ಟರೆ ಒಳಗಿನ ಗ್ರಾಫಿಕ್ಸ್ ಕಡಿದಿಟ್ಟುಕೊಂಡ ರ‍್ಯಾಮ್ ಕೂಡ ವಾಪಸ್ ಬರುತ್ತದೆ. ವಿಡಿಯೊ ಎಡಿಟ್ ಮಾಡುವವರು ಮಾತ್ರ ಒಳಗಿನ ಗ್ರಾಫಿಕ್ಸನ್ನು ಹೀಗೆ ನಿಲ್ಲಿಸುವ ಮುಂಚೆ ಯೋಚಿಸಿ. ಇಂಟೆಲ್‌ನ ಕ್ವಿಕ್ ಸಿಂಕ್ ವಿಡಿಯೊ ಬಿಚ್ಚುವ ಕೆಲಸದಲ್ಲಿ ನಿಜಕ್ಕೂ ನೆರವಾಗುತ್ತದೆ. ಅದು ಬೇಕಿದ್ದರೆ ಎರಡನ್ನೂ ಇಟ್ಟುಕೊಂಡು ಮಾನಿಟರ್ ಮಾತ್ರ ಕಾರ್ಡ್‌ಗೆ ಕೊಡಿ.

ಕಾರ್ಡ್‌ನ ಹೆಸರಿನ ಬದಲು ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದು ಡಿವೈಸ್ ಮ್ಯಾನೇಜರ್‌ನಲ್ಲಿ ಕಂಡರೆ ಡ್ರೈವರ್ ಬಂದಿಲ್ಲ ಎಂದರ್ಥ.

ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ನಲ್ಲಿ ಕೇಬಲ್‌ನ ಪ್ರಶ್ನೆ ಇಲ್ಲ, ಯಾವ ತಂತ್ರಾಂಶ ಯಾವುದನ್ನು ಬಳಸಬೇಕು ಎಂದು ವಿಂಡೋಸ್‌ಗೆ ಹೇಳಬೇಕು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಪುಟಕ್ಕೆ ಹೋಗಿ, ಕ್ಯಾಡ್ ತಂತ್ರಾಂಶದ ಇಎಕ್ಸ್‌ಇ ಕಡತವನ್ನು ಸೇರಿಸಿ, ಆಪ್ಷನ್ಸ್‌ನಲ್ಲಿ ಹೈ ಪರ್ಫಾರ್ಮೆನ್ಸ್ ಆರಿಸಿ. ತಂತ್ರಾಂಶ ಮುಚ್ಚಿ ತೆರೆದರೆ ಮಾತ್ರ ಜಾರಿಗೆ ಬರುತ್ತದೆ. ಬ್ಲೆಂಡರ್ ಬಳಸುವವರು ಇದರ ಜೊತೆಗೆ ಅದರ ಪ್ರಿಫರೆನ್ಸಸ್, ಸಿಸ್ಟಮ್ ಪುಟದಲ್ಲಿ ಕುಡಾ ಅಥವಾ ಆಪ್ಟಿಕ್ಸ್ (ಎನ್‌ವಿಡಿಯಾ ಕಾರ್ಡ್‌ನಿಂದ ಲೆಕ್ಕ ಮಾಡಿಸುವ ವಿಧಾನಗಳು) ಕೆಳಗೆ ಕಾರ್ಡ್‌ನ ಹೆಸರಿಗೆ ಗುರುತು ಹಾಕಬೇಕು.

ಪ್ರಶ್ನೆ: ಯಕ್ಷಗಾನ ಪ್ರಸಂಗಗಳನ್ನು ರಾತ್ರಿಯಿಡೀ 4ಕೆಯಲ್ಲಿ ಚಿತ್ರೀಕರಿಸಿ ಡಾವಿಂಚಿ ರಿಸಾಲ್ವ್‌ನಲ್ಲಿ ಎಡಿಟ್ ಮಾಡುತ್ತೇವೆ. ಕಾರ್ಡ್ 4 ಜಿಬಿ, ರ‍್ಯಾಮ್ 16 ಜಿಬಿ. ಜಿಪಿಯು ಮೆಮೊರಿ ತುಂಬಿದೆ ಎಂಬ ಸಂದೇಶ ಬಂದು ನಿಂತುಬಿಡುತ್ತದೆ. ಪ್ರಸಂಗವನ್ನು ಗಂಟೆ ಗಂಟೆಯ ತುಂಡು ಮಾಡಿ ನೋಡಿದೆವು, ಪ್ರಯೋಜನವಾಗಲಿಲ್ಲ.
– ಹೊನ್ನಾವರದ ಓದುಗರು

ಉತ್ತರ: ತುಂಡು ಮಾಡಿದರೆ ಪ್ರಯೋಜನವಾಗದಿರುವುದು ಸಹಜ. ಪ್ರಸಂಗ ಹತ್ತು ನಿಮಿಷದ್ದಿರಲಿ, ಎಂಟು ಗಂಟೆಯದ್ದಿರಲಿ, ಕಾರ್ಡ್‌ನ ಮೆಮೊರಿಯಲ್ಲಿ ಒಂದು ಹೊತ್ತಿಗೆ ಇರುವುದು ಕೆಲವೇ ಫ್ರೇಮ್‌ಗಳು. ಭಾರ ಇರುವುದು ಉದ್ದದಲ್ಲಲ್ಲ, ಫ್ರೇಮ್‌ನ ಗಾತ್ರದಲ್ಲಿ. ರಿಸಾಲ್ವ್ ಒಳಗೆ ಬಣ್ಣದ ಲೆಕ್ಕ ನಡೆಯುವುದು 32 ಬಿಟ್‌ನಲ್ಲಿ. 3840×2160ರ ಒಂದು ಫ್ರೇಮ್, ನಾಲ್ಕು ಚಾನೆಲ್, ಒಂದೊಂದಕ್ಕೆ 4 ಬೈಟ್ ಎಂದರೆ ಸುಮಾರು 133 ಎಂಬಿ. ಅದೇ 1920×1080ಕ್ಕೆ 33 ಎಂಬಿ ಮಾತ್ರ. ಒಂದು ಕ್ಲಿಪ್ ಮೇಲೆ ಬಣ್ಣದ ನೋಡ್‌ಗಳು, ಹೆಸರಿನ ಪಟ್ಟಿ, ಬ್ಲರ್ ಎಲ್ಲ ಸೇರಿದರೆ ಅಂಥ ಎಷ್ಟೋ ಪ್ರತಿಗಳು ಒಟ್ಟಿಗೆ ಬೇಕಾಗುತ್ತವೆ. ಸ್ಟುಡಿಯೊ ಆವೃತ್ತಿಯ ಟೆಂಪೊರಲ್ ನಾಯ್ಸ್ ರಿಡಕ್ಷನ್ ಹಿಂದುಮುಂದಿನ ಫ್ರೇಮ್‌ಗಳನ್ನೂ ಎಳೆದು ತರುತ್ತದೆ. ಅತ್ತ ಎರಡು ಇತ್ತ ಎರಡು ಎಂದಿಟ್ಟರೆ ಒಂದರ ಜಾಗದಲ್ಲಿ ಐದು. ರಂಗಸ್ಥಳದ ಮಂದ ಬೆಳಕಿನಲ್ಲಿ ತೆಗೆದ ವಿಡಿಯೊಗೆ ನಾಯ್ಸ್ ತೆಗೆಯುವ ಆಸೆ ಎಲ್ಲರಿಗೂ ಆಗುತ್ತದೆ, 4 ಜಿಬಿ ಕಾರ್ಡ್ ಕುಸಿಯುವುದು ಹೆಚ್ಚಾಗಿ ಅಲ್ಲೇ.

ಹೀಗೆ ಮಾಡಿ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಮಾಸ್ಟರ್ ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಲೈನ್ ರೆಸಲ್ಯೂಷನ್ 1920×1080 ಮಾಡಿ, ಎಡಿಟ್ ಪೂರ್ತಿ ಅದರಲ್ಲೇ ಮುಗಿಸಿ. ಮೂಲ ಕಡತ 4ಕೆಯಾಗಿಯೇ ಉಳಿಯುತ್ತದೆ, ಹಾಕಿದ ಝೂಮ್, ಕ್ರಾಪ್ ಏನೂ ಕೆಡುವುದಿಲ್ಲ. ವೇಷದ ಮುಖವನ್ನು ಹತ್ತಿರ ತರಲು 1080ರ ಟೈಮ್‌ಲೈನ್‌ನಲ್ಲಿ ಎರಡು ಪಟ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ ಎಂಬುದು ಇದರ ಇನ್ನೊಂದು ಅನುಕೂಲ. ನೋಡುಗರಲ್ಲಿ ಹೆಚ್ಚಿನವರು ಮೊಬೈಲ್‌ನಲ್ಲಿ ನೋಡುವುದರಿಂದ 1080ರಲ್ಲೇ ಹೊರತೆಗೆದರೆ ಸಾಕು ಎಂಬುದು ನಮ್ಮ ಅಭಿಪ್ರಾಯ. 4ಕೆಯೇ ಬೇಕೆಂದರೆ ಕೊನೆಗೆ ರೆಸಲ್ಯೂಷನ್ ಏರಿಸಿ ರೆಂಡರ್‌ಗೆ ಕೊಡಿ, ನಾಯ್ಸ್ ರಿಡಕ್ಷನ್ ಇರುವ ಕ್ಲಿಪ್‌ಗಳನ್ನು ಅದಕ್ಕೂ ಮುಂಚೆ ಬೇರೆಯಾಗಿ ರೆಂಡರ್ ಮಾಡಿ ತಂದು ಕೂರಿಸಿ.

ಎಡಿಟ್ ಹಗುರಾಗಲು ಮೀಡಿಯಾ ಪೂಲ್‌ನಲ್ಲಿ ಕ್ಲಿಪ್‌ಗಳನ್ನು ಆರಿಸಿ, ಬಲ ಕ್ಲಿಕ್ ಮಾಡಿ ಜನರೇಟ್ ಪ್ರಾಕ್ಸಿ ಮೀಡಿಯಾ ಕೊಡಿ; ಎಡಿಟ್‌ಗೆಂದು ಹಗುರವಾದ ನಕಲುಗಳು ತಯಾರಾಗುತ್ತವೆ. ರಾತ್ರಿಯಿಡೀ ತೆಗೆದ ವಿಡಿಯೊಗೆ ಇದು ಗಂಟೆಗಟ್ಟಲೆ ಹಿಡಿಯುತ್ತದೆ, ಮಲಗುವ ಮುಂಚೆ ಹಚ್ಚಿಟ್ಟರೆ ಬೆಳಿಗ್ಗೆಗೆ ತಯಾರು. ಪ್ರಾಕ್ಸಿ ಕಡತಗಳು ಎಸ್‌ಎಸ್‌ಡಿ ಮೇಲಿರಲಿ.

ಪ್ರಿಫರೆನ್ಸಸ್‌ನಲ್ಲಿ ಮೆಮೊರಿ ಅಂಡ್ ಜಿಪಿಯು ಪುಟ ತೆರೆದು ಆಟೊ ಗುರುತು ತೆಗೆದು, ಪ್ರೊಸೆಸಿಂಗ್ ಮೋಡ್ ಕುಡಾ ಮಾಡಿ, ನಿಮ್ಮ ಎನ್‌ವಿಡಿಯಾ ಕಾರ್ಡನ್ನೇ ಆರಿಸಿ. ಎಡಿಟ್ ಮಾಡುವಾಗ ಕ್ರೋಮ್ ಮುಚ್ಚಿ. ಹತ್ತಾರು ಟ್ಯಾಬ್ ತೆರೆದ ಬ್ರೌಸರ್ ಕಾರ್ಡ್‌ನ ನೂರಾರು ಎಂಬಿ ಹಿಡಿದಿರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಕಾಲಮ್ ತಲೆಯ ಮೇಲೆ ಬಲ ಕ್ಲಿಕ್ ಮಾಡಿ ಡೆಡಿಕೇಟೆಡ್ ಜಿಪಿಯು ಮೆಮೊರಿ ಸೇರಿಸಿಕೊಂಡರೆ ಯಾವ ತಂತ್ರಾಂಶ ಎಷ್ಟು ಹಿಡಿದಿದೆ ಎಂದು ಒಂದೊಂದಾಗಿ ಕಾಣುತ್ತದೆ.

ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕುಡಾ ಸಿಸ್‌ಮೆಮ್ ಫಾಲ್‌ಬ್ಯಾಕ್ ಪಾಲಿಸಿ ಎಂಬ ಸಾಲೂ ಇದೆ. ಕಾರ್ಡ್‌ನ ಮೆಮೊರಿ ತುಂಬಿದಾಗ ಮಾಮೂಲಿ ರ‍್ಯಾಮ್‌ಗೆ ಇಳಿಯಬೇಕೇ, ಇಲ್ಲ ಅಲ್ಲೇ ನಿಲ್ಲಬೇಕೇ ಎಂದು ಅದು ತೀರ್ಮಾನಿಸುತ್ತದೆ. ಡ್ರೈವರ್ ಡೀಫಾಲ್ಟ್ ಎಂದೇ ಇರಲಿ. ಪ್ರಿಫರ್ ನೋ ಎಂದು ಯಾರಾದರೂ ಮಾಡಿಟ್ಟಿದ್ದರೆ ಮೆಮೊರಿ ತುಂಬಿದ ಕೂಡಲೇ ಸಂದೇಶ ಬರುತ್ತದೆ. ಇಳಿಯಲು ಬಿಟ್ಟರೆ ಕೆಲಸ ನಿಲ್ಲದಿದ್ದರೂ ಬಹಳ ನಿಧಾನವಾಗುತ್ತದೆ, ಏಕೆಂದರೆ ಕಾರ್ಡ್‌ನೊಳಗಿನ ಹರಿವಿನ ಮುಂದೆ ಸ್ಲಾಟ್ ದಾಟಿ ಬರುವ ಹರಿವು ತೀರಾ ಸಣ್ಣದು.

ಪ್ರಶ್ನೆ: ಪೇಜಿಂಗ್ ಫೈಲ್ ದೊಡ್ಡದು ಮಾಡಿದರೆ ಗ್ರಾಫಿಕ್ಸ್ ಮೆಮೊರಿ ಹೆಚ್ಚಾಗುತ್ತದೆಯೇ?
– ಯಲ್ಲಾಪುರದ ಓದುಗರು

ಉತ್ತರ: ಇಲ್ಲ. ಪೇಜಿಂಗ್ ಫೈಲ್ ಎಂದರೆ ರ‍್ಯಾಮ್ ಸಾಲದಾದಾಗ ವಿಂಡೋಸ್ ಡಿಸ್ಕ್ ಮೇಲೆ ಬಳಸುವ ಕಡತ. ಹಾಗೆಂದು ಅದನ್ನು ತೆಗೆದುಹಾಕಲೂ ಬೇಡಿ. ಕಾರ್ಡ್‌ನ ಮೆಮೊರಿಗೆ ಹಾಕಿದ್ದಕ್ಕೂ ಹಿಂದೆ ಜಾಗ ಕಾದಿರಿಸಬೇಕೆಂದು ವಿಂಡೋಸ್ ಲೆಕ್ಕ ಹಿಡಿಯುತ್ತದೆ. ಪೇಜಿಂಗ್ ಫೈಲ್ ಸೊನ್ನೆ ಮಾಡಿದ ಕಂಪ್ಯೂಟರ್‌ನಲ್ಲಿ ರ‍್ಯಾಮ್ ಖಾಲಿ ಇದ್ದಂತೆ ಕಂಡರೂ ದೊಡ್ಡ ತಂತ್ರಾಂಶಗಳು ಮೆಮೊರಿ ಇಲ್ಲ ಎಂದು ಮುಚ್ಚಿಹೋಗುವುದು ಇದರಿಂದ. ಸಿಸ್ಟಮ್ ಮ್ಯಾನೇಜ್ಡ್ ಎಂದೇ ಬಿಡಿ.

ಪ್ರಶ್ನೆ: ಜಿಟಿಎಕ್ಸ್ 1050 ಟಿಐ 4 ಜಿಬಿ ಎಂದು ಸೆಕೆಂಡ್ ಹ್ಯಾಂಡ್ ಕಾರ್ಡ್ ಕಡಿಮೆ ಬೆಲೆಗೆ ಕೊಂಡೆ. ವಿಂಡೋಸ್ 4 ಜಿಬಿ ಎಂದೇ ತೋರಿಸುತ್ತದೆ. ಸಣ್ಣ ಕೆಲಸಕ್ಕೆ ತೊಂದರೆ ಇಲ್ಲ, ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗುತ್ತದೆ. ಯಾವ ಸೆಟ್ಟಿಂಗ್ ತಪ್ಪಿದೆ?
– ಅಂಕೋಲಾದ ಓದುಗರು

ಉತ್ತರ: ಸೆಟ್ಟಿಂಗ್ ಅಲ್ಲ, ಕಾರ್ಡ್‌ನ ಮೇಲೇ ಅನುಮಾನ ಪಡಬೇಕಾಗಿದೆ. ಜಿಟಿಎಸ್ 450, ಜಿಟಿಎಕ್ಸ್ 550 ಟಿಐಯಂಥ ಹಳೆಯ 1 ಜಿಬಿ ಕಾರ್ಡ್‌ಗಳ ಬಯೋಸ್ ತಿದ್ದಿ 1050 ಟಿಐ ಎಂದು ಮಾರುವ ದಂಧೆ ವರ್ಷಗಳಿಂದ ಇದೆ. ವಿಂಡೋಸ್ ಆ ಬಯೋಸ್ ಹೇಳಿದ್ದನ್ನೇ ನಂಬಿ 4 ಜಿಬಿ ಎನ್ನುತ್ತದೆ. 1 ಜಿಬಿಯೊಳಗಿನ ಕೆಲಸ ಸುಸೂತ್ರ ನಡೆಯುತ್ತದೆ. ಅದನ್ನು ದಾಟಿ ಬರೆಯ ಹೋದಾಗ ಅಲ್ಲಿ ಚಿಪ್ಪೇ ಇಲ್ಲ, ಪರದೆ ಕಪ್ಪು.

ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಳಿಸಿಕೊಂಡು ತೆರೆಯಿರಿ. ಅಸಲಿ 1050 ಟಿಐಗೆ ಜಿಪಿಯು ಹೆಸರು ಜಿಪಿ107, ಶೇಡರ್‌ಗಳು 768, ಮೆಮೊರಿ ಜಿಡಿಡಿಆರ್5, ಬಸ್ 128 ಬಿಟ್. ಶೇಡರ್ 192 ಎಂದೋ, ಜಿಪಿಯು ಜಿಎಫ್106 ಅಥವಾ ಜಿಎಫ್116 ಎಂದೋ ಇದ್ದರೆ ನಕಲಿ. ಹೊಸ ಆವೃತ್ತಿಯ ಜಿಪಿಯು-ಝಡ್ ಇಂಥ ಕಾರ್ಡ್‌ಗಳ ಹೆಸರಿನ ಮುಂದೆ ತಾನೇ ಫೇಕ್ ಎಂದು ಬರೆಯುತ್ತದೆ. ತಂತ್ರಾಂಶವಿಲ್ಲದೆ ಅಂಗಡಿಯಲ್ಲೇ ಹಿಡಿಯಬಹುದಾದ ಗುರುತೂ ಒಂದಿದೆ: ನೀಲಿ ವಿಜಿಎ ಪೋರ್ಟ್. ಎನ್‌ವಿಡಿಯಾ 10ನೇ ಸರಣಿಯ ಚಿಪ್ಪುಗಳಲ್ಲಿ ಆ ಹಳೆಯ ಅನಲಾಗ್ ಸೌಲಭ್ಯವನ್ನು ತೆಗೆದುಹಾಕಿದೆ. 1050 ಟಿಐ ಎಂದು ಕೊಟ್ಟ ಕಾರ್ಡ್‌ನಲ್ಲಿ ವಿಜಿಎ ಕಂಡರೆ ದುಡ್ಡು ಕೊಡುವ ಮುಂಚೆಯೇ ಪರೀಕ್ಷೆ ಮಾಡಿಸಿ.

ನಕಲಿ ಎಂದು ಖಚಿತವಾದರೆ ಜಿಪಿಯು-ಝಡ್ ಪುಟದ ಚಿತ್ರ ತೆಗೆದಿಟ್ಟುಕೊಂಡು ಮಾರಿದವರಲ್ಲಿ ಹಣ ವಾಪಸ್ ಕೇಳಿ. ನಕಲಿ ಅಲ್ಲದೆಯೂ ಹೆಸರಿನಲ್ಲಿ ಎಡವುವುದುಂಟು. ಜಿಟಿ 1030 ಎಂಬ ಒಂದೇ ಹೆಸರಿನಲ್ಲಿ ಎರಡು ಕಾರ್ಡ್ ಇವೆ, ಎರಡಕ್ಕೂ 2 ಜಿಬಿ. ಜಿಡಿಡಿಆರ್5 ಇರುವುದರ ಹರಿವು ಸೆಕೆಂಡಿಗೆ 48 ಜಿಬಿ, ಡಿಡಿಆರ್4 ಇರುವುದರದ್ದು 16.8. ಕೊಳ್ಳುವಾಗ ಎಷ್ಟು ಜಿಬಿ ಎಂದು ಕೇಳಿದ ಮೇಲೆ ಯಾವ ಬಗೆಯ ಮೆಮೊರಿ ಎಂದೂ ಕೇಳಿ.

ಪ್ರಶ್ನೆ: ಆರ್‌ಟಿಎಕ್ಸ್ 3060 12 ಜಿಬಿ ಕಾರ್ಡ್‌ಗೆ ರಿಸೈಜಬಲ್ ಬಾರ್ ಚಾಲೂ ಮಾಡಲು ಬಯೋಸ್‌ನಲ್ಲಿ ಸಿಎಸ್‌ಎಂ ಡಿಸೇಬಲ್ ಮಾಡಿದೆ. ಅಂದಿನಿಂದ ವಿಂಡೋಸ್ ಬರುತ್ತಿಲ್ಲ, ಸೀದಾ ಬಯೋಸ್‌ಗೇ ಹೋಗುತ್ತದೆ. ಡಿಸ್ಕ್ ಕೆಟ್ಟಿತೇ?
– ಸಿದ್ದಾಪುರದ ಓದುಗರು

ಉತ್ತರ: ಡಿಸ್ಕ್ ಚೆನ್ನಾಗಿದೆ. ಸಿಎಸ್‌ಎಂ ಎಂದರೆ ಹಳೆಯ ಪದ್ಧತಿಯ ಡಿಸ್ಕ್‌ನಿಂದಲೂ ವಿಂಡೋಸ್ ಎಬ್ಬಿಸಲು ಬಿಡುವ ಬಯೋಸ್ ಆಯ್ಕೆ; ಅದನ್ನು ಮತ್ತೆ ಎನೇಬಲ್ ಮಾಡಿ, ವಿಂಡೋಸ್ ಬರುತ್ತದೆ.

ಆಗಿರುವುದು ಇಷ್ಟು. ನಿಮ್ಮ ವಿಂಡೋಸ್ ಹಳೆಯ ಎಂಬಿಆರ್ ಪದ್ಧತಿಯ ಡಿಸ್ಕ್ ಮೇಲೆ ಕೂತಿದೆ. ಸಿಎಸ್‌ಎಂ ಇಲ್ಲದ ಯುಇಎಫ್‌ಐಗೆ, ಅಂದರೆ ಹೊಸ ಬಗೆಯ ಬಯೋಸ್‌ಗೆ, ಜಿಪಿಟಿ ಪದ್ಧತಿಯ ಡಿಸ್ಕ್ ಬೇಕು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಡಿಸ್ಕ್ 0 ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ವಾಲ್ಯೂಮ್ಸ್‌ನಲ್ಲಿ ಪಾರ್ಟಿಷನ್ ಸ್ಟೈಲ್ ನೋಡಿದರೆ ಗೊತ್ತಾಗುತ್ತದೆ. ಬದಲಾಯಿಸಲು ವಿಂಡೋಸ್‌ನಲ್ಲೇ ಎಂಬಿಆರ್2ಜಿಪಿಟಿ ಎಂಬ ಆಜ್ಞೆ ಇದೆ. ಮುಖ್ಯ ಕಡತಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿಟ್ಟುಕೊಳ್ಳಿ, ಬಿಟ್‌ಲಾಕರ್ ಇದ್ದರೆ ಸಸ್ಪೆಂಡ್ ಮಾಡಿ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಮೊದಲು ವ್ಯಾಲಿಡೇಟ್, ಅದು ಸರಿ ಎಂದ ಮೇಲಷ್ಟೇ ಕನ್ವರ್ಟ್; ಎರಡಕ್ಕೂ ಜೊತೆಗೆ ಅಲೌ ಫುಲ್ ಒಎಸ್ ಎಂಬ ಆಯ್ಕೆಯನ್ನು ಕೊಡಬೇಕು. ಡಿಸ್ಕ್‌ನಲ್ಲಿ ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಹೆಚ್ಚಿದ್ದರೆ ವ್ಯಾಲಿಡೇಟ್ ಒಪ್ಪುವುದಿಲ್ಲ. ಪರಿವರ್ತನೆ ಮುಗಿದ ಮೇಲೆ ಬಯೋಸ್‌ಗೆ ಹೋಗಿ ಸಿಎಸ್‌ಎಂ ಡಿಸೇಬಲ್, ಅಬೋವ್ 4ಜಿ ಡಿಕೋಡಿಂಗ್ ಎನೇಬಲ್, ರಿಸೈಜ್ ಬಾರ್ ಆಟೊ ಅಥವಾ ಎನೇಬಲ್. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಇನ್‌ಫರ್ಮೇಷನ್‌ನಲ್ಲಿ ರಿಸೈಜಬಲ್ ಬಾರ್ ಮುಂದೆ ಯೆಸ್ ಎಂದು ಬರಬೇಕು.

ಇದರಿಂದ ಮೆಮೊರಿ ಬೆಳೆಯುವುದಿಲ್ಲ. ಕಾರ್ಡ್‌ನ 12 ಜಿಬಿಯನ್ನು ಪ್ರೊಸೆಸರ್ ಮಾಮೂಲಿಗೆ 256 ಎಂಬಿಯ ಕಿಟಕಿಯೊಂದರಿಂದ ತುಣುಕು ತುಣುಕಾಗಿ ನೋಡುತ್ತದೆ. ಇದು ಆ ಕಿಟಕಿಯನ್ನು ಪೂರ್ತಿ ತೆರೆಯುತ್ತದೆ. ಕೆಲವು ಆಟಗಳಲ್ಲಿ ವೇಗ ಸ್ವಲ್ಪ ಏರುತ್ತದೆ, ಕೆಲವದರಲ್ಲಿ ಏನೂ ವ್ಯತ್ಯಾಸ ಇಲ್ಲ. ಎನ್‌ವಿಡಿಯಾದಲ್ಲಿ ಈ ಸೌಲಭ್ಯ 30ನೇ ಸರಣಿಯಿಂದ ಈಚೆಗೆ. 1650, 1050 ಟಿಐ ಇರುವವರು ಇದಕ್ಕಾಗಿ ಸಿಎಸ್‌ಎಂ ಮುಟ್ಟಬೇಕಾಗಿಲ್ಲ.

ಪ್ರಶ್ನೆ: ಬಯೋಸ್‌ನಲ್ಲಿ ಗ್ರಾಫಿಕ್ಸ್ ಸೆಟ್ಟಿಂಗ್ ಬದಲಾಯಿಸಿ ಉಳಿಸಿದ ಮೇಲೆ ಪರದೆಯೇ ಬರುತ್ತಿಲ್ಲ. ಫ್ಯಾನ್ ತಿರುಗುತ್ತದೆ. ಮನೆ ಸಮುದ್ರಕ್ಕೆ ಹತ್ತಿರ. ಮಳೆಗಾಲದಲ್ಲಿ ಹೀಗೆಯೇ ಏನೂ ಮಾಡದೆಯೂ ಒಮ್ಮೆ ಆಗಿತ್ತು.
– ಭಟ್ಕಳದ ಓದುಗರು

ಉತ್ತರ: ಈ ಸಲದ್ದು ಸೆಟ್ಟಿಂಗ್‌ನಿಂದ ಆದದ್ದು, ಹಿಂದಿನದು ಬಹುಶಃ ಉಪ್ಪು ಗಾಳಿಯಿಂದ. ಪೆಟ್ಟಿಗೆ ಹೇಗೂ ತೆರೆಯಬೇಕಾದ್ದರಿಂದ ಎರಡನ್ನೂ ಒಂದೇ ಸಲಕ್ಕೆ ಮುಗಿಸಿ.

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟು ಹರಿದುಹೋಗುತ್ತದೆ. ಪೆಟ್ಟಿಗೆಯ ಬಣ್ಣ ಬಳಿಯದ ಲೋಹ ಮುಟ್ಟಿ ಆಮೇಲೆ ಒಳಗೆ ಕೈ ಹಾಕಿ. ಮದರ್‌ಬೋರ್ಡ್‌ನಲ್ಲಿ ಒಂದು ರೂಪಾಯಿ ನಾಣ್ಯದಂತೆ ಕಾಣುವ ಸಿಆರ್2032 ಬ್ಯಾಟರಿ ತೆಗೆದು ಐದರಿಂದ ಹತ್ತು ನಿಮಿಷ ಬಿಡಿ. ಬೋರ್ಡ್‌ನಲ್ಲಿ ಸಿಎಲ್‌ಆರ್ ಸಿಎಂಒಎಸ್ ಎಂದು ಬರೆದ ಎರಡು ಪಿನ್ ಇದ್ದರೆ ಸ್ಕ್ರೂಡ್ರೈವರ್ ತುದಿಯಿಂದ ಕೆಲವು ಸೆಕೆಂಡ್ ಜೋಡಿಸಿದರೂ ಅದೇ ಫಲ. ಬಯೋಸ್ ಮೊದಲಿನ ಸ್ಥಿತಿಗೆ ಮರಳುತ್ತದೆ. ಬ್ಯಾಟರಿ ಮಲ್ಟಿಮೀಟರ್‌ನಲ್ಲಿ 2.8 ವೋಲ್ಟ್‌ಗಿಂತ ಕೆಳಗಿದ್ದರೆ ಹೊಸದು ಹಾಕಿ, ಇಲ್ಲದಿದ್ದರೆ ಪ್ರತಿ ಸಲ ಪ್ಲಗ್ ಕಿತ್ತಾಗ ನೀವು ಮಾಡಿದ ಸೆಟ್ಟಿಂಗ್ ಅಳಿಸಿಹೋಗುತ್ತದೆ.

ಈಗ ರ‍್ಯಾಮ್ ಸ್ಟಿಕ್ ಮತ್ತು ಕಾರ್ಡ್ ಹೊರತೆಗೆಯಿರಿ. ಕಾರ್ಡ್ ತೆಗೆಯುವಾಗ ಸ್ಲಾಟ್‌ನ ತುದಿಯಲ್ಲಿರುವ ಕೊಂಡಿ ಒತ್ತುವುದನ್ನು ಮರೆತರೆ ಸ್ಲಾಟೇ ಮುರಿದೀತು. ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಕಪ್ಪು ಮಬ್ಬು ಅಥವಾ ಹಸಿರು ಚುಕ್ಕೆ ಕಂಡರೆ ಬಿಳಿಯ ಮೆತ್ತನೆ ಪೆನ್ಸಿಲ್ ರಬ್ಬರ್‌ನಿಂದ ಹಲ್ಲಿನ ಉದ್ದಕ್ಕೇ, ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿ. ರಬ್ಬರ್ ಪುಡಿ ಬ್ರಷ್‌ನಿಂದ ಕೊಡವಿ, 99 ಶೇಕಡದ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಲು ಬಿಡಿ. ಉಪ್ಪುಕಾಗದ ಬೇಡವೇ ಬೇಡ. ಚಿನ್ನದ ಲೇಪ ತೀರಾ ತೆಳುವು, ಅದು ಹೋದರೆ ಮುಂದಿನ ಮಳೆಗಾಲಕ್ಕೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಎಣ್ಣೆ ಸವರುವುದೂ ಬೇಡ, ದೂಳು ಅಂಟುತ್ತದೆ.

ಮೊದಲು ಒಂದೇ ರ‍್ಯಾಮ್ ಸ್ಟಿಕ್ ಹಾಕಿ, ಕಾರ್ಡ್ ಹಾಕದೆ, ಮಾನಿಟರ್ ಅನ್ನು ಬೋರ್ಡ್‌ನ ಪೋರ್ಟ್‌ಗೆ ಕೊಟ್ಟು ಚಾಲೂ ಮಾಡಿ. ನಿಮ್ಮ ಪ್ರೊಸೆಸರ್ ಇಂಟೆಲ್‌ನ ಎಫ್ ಅಕ್ಷರದ್ದಾಗಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ಆಗ ಕಾರ್ಡ್ ಸಮೇತ ಮಾಡಬೇಕು. ಪರದೆ ಬಂದರೆ ಕಂಪ್ಯೂಟರ್ ಆಫ್ ಮಾಡಿ, ಒಂದೊಂದಾಗಿ ಉಳಿದದ್ದನ್ನು ಸೇರಿಸುತ್ತಾ ಹೋಗಿ. ಸಿಎಂಒಎಸ್ ಅಳಿಸಿದ ಮೇಲೆ ಮೊದಲ ಸಲ ಪರದೆ ಬರಲು ಒಂದೆರಡು ನಿಮಿಷವೂ ಹಿಡಿಯಬಹುದು, ಅಷ್ಟರೊಳಗೆ ಆಫ್ ಮಾಡಬೇಡಿ. ದಿನಾಂಕ, ಸಮಯವನ್ನು ಮತ್ತೆ ಸರಿಮಾಡಿ. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಕಂಪ್ಯೂಟರ್ ಹಚ್ಚಿಡಿ. ಒಳಗಿನ ಬಿಸಿಗೆ ತೇವ ಆರುತ್ತದೆ.